ಯಾವಾಗಮ್ಮನವರ ತಡದ ಬಿತ್ತನೆ

ಕೊಯ್ಲು ಕೈಗೆ ಬರುವ ಹೊತ್ತಿನಲ್ಲಿ, ತಡವಾಗಿ ಬಿತ್ತಿದ್ದ ಸಿಹಿ ಮೆಕ್ಕೆಜೋಳದ ಪ್ರಯೋಗದ ತಾಕುಗಳನ್ನು ಸಂಶೋಧನಾ ಕೇಂದ್ರದ ನಿರ್ದೇಶಕರ ಆದೇಶದಂತೆ ಟ್ರ್ಯಾಕ್ಟರ್ ಹೊಡೆಸಿ ನೆಲಸಮ ಮಾಡಲಾಯಿತು.

ತಳಿಯನ್ನು ಬಿತ್ತನೆಯ ಕಾಲದೊಂದಿಗೆ ತಾಳೆ ನೋಡುವ ಕೆಲಸಕ್ಕೆ ತಮ್ಮ ಸೇವಾವಧಿಯನ್ನೆಲ್ಲ ಮುಡಿಪಿಟ್ಟ, ಸಹೋದ್ಯೋಗಿಗಳಾದ ನಾವು ಅಭಿನಂದಿಸುತ್ತಿರುವ ಹಿರಿಯ ವಿಜ್ಞಾನಿಯವರು ಆ ಬೆಳಗ್ಗೆ ಬದುವಿನ ಮೇಲೆ ಮರವಟ್ಟು ನಿಂತರು. ಚಕ್ರದ ಜಾಡಿನಲ್ಲಿ ತೆನೆಗಳು ಒಡೆದು ಹಾಲು ಸೋರುತ್ತಿತ್ತು. ಒಂದನ್ನೆತ್ತಿ ಸಿಪ್ಪೆ ಸುಲಿದರು. ತುದಿಯವರೆಗೂ ಕಾಳು ಕಟ್ಟಿತ್ತು.

"ನನ್ನ ಬೈಬೇಡಿ ಅಮ್ಮಾ," ಎಂದ ಚಾಲಕ. "ಕಳೆ ಹೊಡಿ ಅಂದ್ರು, ಹೊಡ್ದೆ."

"ಇದು ಕಳೆನಾ, ಅಣ್ಣಾ?"

"ತೆನೆ ಬಿಟ್ಟಿರೋ ಕಳೆ ನಾನೂ ಇವತ್ತೇ ನೋಡಿದ್ದು."

ಕಿರಿಯ ಸಹಾಯಕಿಯಾಗಿ ಕೇಂದ್ರಕ್ಕೆ ಬಂದ ಕಾಲದಿಂದಲೂ, ಯಾವ ಬೀಜ ಒಳ್ಳೆಯದೆಂದು ಕೇಳಿದವರಿಗೆಲ್ಲ ‘ಯಾವಾಗ ಬಿತ್ತುತ್ತೀರಿ?’ ಎಂಬ ಮರುಪ್ರಶ್ನೆಯನ್ನೇ ಮುಂದಿಡುತ್ತಿದ್ದುದರಿಂದ ಅವರು ರೈತರ ಬಾಯಲ್ಲಿ ಯಾವಾಗಮ್ಮನಾದರು. ದಪ್ಪ ತೆನೆಯ ತಳಿ ಮೊದಲ ಹದಕ್ಕೆ ಬಿದ್ದರೆ ಮಾತ್ರ ತೂಗುತ್ತದೆ, ತಡವಾದರೆ ಬಿಸಿಲಿಗೆ ಪರಾಗ ಒಣಗಿ ತುದಿ ಬೋಳಾಗುತ್ತದೆ. ಆಗ ಕೈ ಹಿಡಿಯುವುದು ಬೇಗ ಬಲಿಯುವ ಸಣ್ಣ ತೆನೆಯೇ, ಎಲ್ಲರ ಮಾಲು ಮುಗಿದ ಮೇಲೆ ಮಾರುಕಟ್ಟೆಗೆ ಹೋಗಿ ಒಳ್ಳೆಯ ಬೆಲೆ ತರುವುದೂ ಅದೇ ಎಂಬುದನ್ನು ಅವರು ಹೊಲದಲ್ಲೇ ತೆನೆ ಸುಲಿದು, ಹಸಿಕಾಳು ಅಗಿಸಿ ಕಲಿಸಿದರು. ಕಾಲುವೆಯ ತುದಿಯವರಿಗೆ ನೀರು ಬರುವುದೇ ಎಲ್ಲರಿಗೂ ಹರಿದು ಮುಗಿದ ಮೇಲೆ. ತಡವೆಂಬುದು ಅವರ ಸೋಮಾರಿತನವಲ್ಲ, ಅವರಿಗೆ ಆದ ಅನ್ಯಾಯ. ಅಂಥ ರೈತ ಮಹಿಳೆಯೊಬ್ಬರ ಹೊಲಕ್ಕೆ ಅವರು ಸಣ್ಣ ತೆನೆಯ ಬೀಜವನ್ನು ತಾವೇ ಹೊತ್ತು ಹೋಗಿದ್ದರು. "ನಮ್ಮತ್ತೆನೂ ಇಷ್ಟು ಸಲ ಯಾವಾಗ, ಯಾವಾಗ ಅಂತ ಕೇಳಿರ್ಲಿಲ್ಲ ಕಣಮ್ಮಾ," ಎಂದು ಆಕೆ ನಕ್ಕಿದ್ದರು. ಆ ವರ್ಷ ಆಕೆಯ ಹೊಲ ಲಾಭ ಕಂಡಿತು.

ನಿರ್ದೇಶಕರು ‘ಎಲ್ಲ ಕಾಲಕ್ಕೂ ಒಂದೇ ಬೀಜ’ ಎಂದು ಸಾರಲು ಹೊರಟಿದ್ದ ದಪ್ಪ ತೆನೆಯ ತಳಿ ಆ ತಡದ ತಾಕುಗಳಲ್ಲಿ ಬೋಳು ತಲೆ ಹೊತ್ತು ನಿಂತಿತ್ತು. ಪಕ್ಕದಲ್ಲೇ ಸಣ್ಣ ತೆನೆ ಮೈತುಂಬಿಕೊಂಡಿತ್ತು. ಯಾರ ಕಣ್ಣಿಗೂ ಬೀಳದಿರಲೆಂದು ಎರಡನ್ನೂ ಉತ್ತು ಹಾಕಿಸಿದರು. ಬೆಳೆಯನ್ನು ಓದುವವರೇ ಬೆಳೆಯ ಬಾಯಿ ಮುಚ್ಚಿಸಿದರು! ಆ ದಿಗ್ಭ್ರಮೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಯಾವಾಗಮ್ಮನವರು ನೂರ್ಕಾಲ ಬಾಳಲಿ, ಇನ್ನೂ ಎಷ್ಟೋ ಬದುಗಳ ಮೇಲೆ ನಿಂತು ಅದೇ ಪ್ರಶ್ನೆ ಕೇಳುತ್ತಿರಲಿ ಎಂದು ಹಾರೈಸಲು ನೆರೆದ ಬೀಳ್ಕೊಡುಗೆಯ ಸಭೆಯಲ್ಲಿ, ನಿರ್ದೇಶಕರು ಹೂಗುಚ್ಛ ಕೊಟ್ಟು ಮೈಕನ್ನು ಅವರತ್ತ ತಿರುಗಿಸಿದರು. ಎದುರಿನ ಸಾಲಿನಲ್ಲಿ ಕಾಲುವೆಯ ತುದಿಯ ಆ ಮಹಿಳೆಯೂ ಕೂತಿದ್ದರು.

"ಎಲ್ಲ ಕಾಲಕ್ಕೂ ಇದೇ ಬೀಜ ಅಂತ ಒಂದು ಮಾತು ಹೇಳಿಬಿಡಿ ಮೇಡಂ. ನೀವು ಹೇಳಿದ್ರೆ ಜನ ನಂಬ್ತಾರೆ."

"ನಂಬ್ತಾರಲ್ಲ, ಅದಕ್ಕೇ ಹೇಳಲ್ಲ."