ಹಗೂರ

ಎಲ್ಲಾದರೂ ಎಂಜಿನ್ ಕೂಗಿಕೊಂಡರೆ ದಪ್ಪ ಮೈಯ ಖಾದರ್ ಅಂಕಲ್ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ರಸ್ತೆಯಲ್ಲಿ ಯಾವ ಪಡ್ಡೆ ಹುಡುಗ ಕಾರನ್ನು ರೊಯ್ಯೆನಿಸಿದರೂ ಅಷ್ಟೇ, ಚಹಾದ ಕಪ್ಪು ಕೆಳಗಿಟ್ಟು ಸದ್ದು ಇಳಿಯುವವರೆಗೆ ಕಾಯುವರು. ಹುಟ್ಟೂರು ಗದಗ, ಪರದೇಶದ ಹಾರ್ನ್‌ಬಿ ಎಂಬ ಈ ಊರಿನ ಶೆಡ್ಡಿನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳ ರಿಪೇರಿ ಅವರ ಕಸುಬು. ಗದಗಿನಲ್ಲಿ ಹಿಮ ಕಂಡಿದ್ದೀರಾ ಎಂದು ನಾನು ರೇಗಿಸಿದರೆ, "ಹಿಮಾನ ಯಾರ ರಿಪೇರಿ ಮಾಡ್ತಾರೋ? ನಾ ಮಾಡೂದು ಎಂಜಿನ್" ಅನ್ನುವರು.

ನಾನು ಮೈಸೂರಿನವನು, ಬೆಟ್ಟದ ಮೇಲಿನ ಸ್ಕೀ ಮೈದಾನದಲ್ಲಿ ಎಂಜಿನಿಯರ್. ನಮ್ಮ ಗಾಡಿಗಳ ಕ್ಲಚ್ ಹೊಂದಿಸುತ್ತಿದ್ದವರು ಅವರೇ. ಕ್ಲಚ್ಚಿನೊಳಗಿನ ತೂಕದ ತುಂಡುಗಳು ತೀರ ಹಗುರವಾದರೆ ಬೆಲ್ಟಿಗೆ ಹಿಡಿತ ಸಿಗುವುದಿಲ್ಲ. ಎಂಜಿನ್ ಮಿತಿಮೀರಿ ತಿರುಗುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. "ಇದು ಓಡವಲ್ದು, ಬರೇ ಒದರಾಕತ್ತೈತಿ" ಎನ್ನುತ್ತ ತುಂಡು ಬದಲಿಸುವರು, ಓಡಿಸಿ ನೋಡುವರು, ಮತ್ತೆ ಬಿಚ್ಚುವರು. ಒಂದು ಗಾಡಿಯ ಬಗ್ಗೆ ಅವರಿಗೆ ಸಮಾಧಾನವಿರಲಿಲ್ಲ. ಇನ್ನೊಂದು ದಿನ ಇರಲಿ ಎಂದರು. ಸೀಸನ್ನಿನ ಗಡಿಬಿಡಿಯಲ್ಲಿ ನಮ್ಮ ಮ್ಯಾನೇಜರ್ ಕೇಳದೆ ತರಿಸಿಕೊಂಡ.

ಅದೇ ಗಾಡಿಗೆ ಹಿಮದ ಮೇಲೆ ಎಳೆಯುವ ಜಾರುಬಂಡಿ ಕಟ್ಟಿ, ಮೊಣಕಾಲು ಮುರಿದುಕೊಂಡಿದ್ದ ನನ್ನ ಸಹೋದ್ಯೋಗಿ ಟಾಮ್‌ನನ್ನು ಮಲಗಿಸಿಕೊಂಡು ಒಂದು ಮಧ್ಯಾಹ್ನ ಕೆಳಗಿನ ಆಸ್ಪತ್ರೆಗೆ ಹೊರಟೆ. ದಾರಿಯಲ್ಲೊಂದು ದಿಬ್ಬ ಏರುವಾಗ ಎಂಜಿನ್ ಕೂಗತೊಡಗಿತು, ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಂತು. ಮೋಡ ಇಳಿಯುತ್ತಿತ್ತು. ಬೇರೆ ಗಾಡಿಗಳೆಲ್ಲ ಬೆಟ್ಟದ ಆಚೆ ಮಗ್ಗುಲಿಗೆ ಹೋಗಿದ್ದವು. ಟಾಮ್ ನರಳುವುದನ್ನೂ ನಿಲ್ಲಿಸಿದ್ದ. ಅಂಕಲ್‌ಗೆ ಫೋನ್ ಮಾಡಿದೆ. ಎಂಜಿನ್ ಹತ್ತಿರ ಹಿಡಿ ಎಂದರು, ಹಿಡಿದೆ.

"ಬೆಲ್ಟ್ ಜಾರಾಕತ್ತೈತಿ. ಸ್ವಲ್ಪ ಆರಲಿ. ಆಮ್ಯಾಲೆ ಹಗೂರ ಬಾ, ತಮ್ಮಾ."

ಹಗುರವಾಗಿ ಬರಬೇಕಂತೆ. ಟೂಲ್ ಬಾಕ್ಸ್ ಎಸೆದೆ, ಹಗ್ಗದ ಸುರುಳಿ ಎಸೆದೆ, ಪೆಟ್ರೋಲಿನ ಕ್ಯಾನನ್ನೂ ಇಳಿಸಿದೆ.

"ಅಂಕಲ್, ಇನ್ನು ಉಳಿದಿರೋದು ಟಾಮ್ ಒಬ್ನೇ. ಅವನನ್ನ ಇಲ್ಲೇ ಬಿಟ್ಟು ಬರ್ಲಾ?"

 ಅಂಕಲ್ ಫೋನಿನಲ್ಲೇ ಗದರಿದರು.

"ಮನಷ್ಯಾನ್ನ ಬಿಟ್ಟ ಬರ್ತಾರೇನೋ ಹುಚ್ಚಪ್ಪಾ? ಹಗೂರ ಅಂದ್ರ ಸಾವಕಾಶ. ನಿಮ್ಮ ಮೈಸೂರ ಕನ್ನಡಕ್ಕಿಷ್ಟು ಬೆಂಕಿ ಹಚ್ಚಲಿ."

ಫೋನ್ ಇಡದೆ ದಾರಿಯುದ್ದಕ್ಕೂ ಎಂಜಿನ್ನಿಗೆ ಕಿವಿಗೊಟ್ಟೇ ಇದ್ದರು. ಸದ್ದು ಏರಿದಾಗಲೆಲ್ಲ ನನ್ನ ಜೇಬಿನೊಳಗಿಂದ "ಹಗೂರ, ಹಗೂರ" ಎಂಬ ಅವರ ದನಿ. ಕೆಳಗೆ ಮುಟ್ಟಿದ ಮೇಲೆ ಟಾಮ್ ಕೇಳಿದ ಮೊದಲ ಮಾತೇ ಆ ಶಬ್ದದ ಅರ್ಥ. ಅವನನ್ನು ಬಿಟ್ಟು ಬರಲು ಹೊರಟಿದ್ದೆನೆಂದು ತಿಳಿದು, ಮೊಣಕಾಲಿನ ನೋವಿನಲ್ಲೂ ನಕ್ಕ. ಆಮೇಲೆ ಶೆಡ್ಡಿಗೆ ಹೋದಾಗಲೆಲ್ಲ ಅಂಕಲ್‌ಗೆ "ಹಗೂರ" ಎನ್ನುವುದೇ ಅವನ ನಮಸ್ಕಾರವಾಯಿತು.

ಎರಡು ಚಳಿಗಾಲ ಕಳೆದ ಮೇಲೆ ಅಂಕಲ್ ಕಾಯಿಲೆ ಬಿದ್ದರು. ಆ ದಪ್ಪ ಮೈ ಎಲ್ಲಿ ಹೋಯಿತೋ. ಅವರನ್ನು ಮಣ್ಣು ಮಾಡುವ ದಿನ ನಾನೂ ಟಾಮೂ ಹೆಗಲು ಕೊಟ್ಟೆವು. ಹೆಗಲಿಗೆ ಭಾರವೇ ಆಗಲಿಲ್ಲ, ಅದಕ್ಕೇ ನನಗೆ ಅಳು ಬಂತು. ಗುಂಡಿಯ ಅಂಚಿನಲ್ಲಿ ನನ್ನ ಹೆಜ್ಜೆ ತಡವರಿಸಿತು. ಆಗ ಹಿಂದಿನಿಂದ, ಕುಂಟುಗಾಲಿನ ಟಾಮ್ ಮೆಲ್ಲಗೆ ಅಂದ:

"ಹಗೂರ."