ಸ್ಟಾರ್ಟರಿಗೆ ಸೆಕೆ

ಪಂಪಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದು ಬಾರ್ಕೂರಿನ ಜಲಜಕ್ಕ ರಿಪೇರಿಗೆ ಕರೆದಿದ್ದರು. ಹೋಗಿ ನೋಡಿದರೆ ಸ್ಟಾರ್ಟರ್ ಡಬ್ಬದ ಮುಚ್ಚಳ ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದ್ದಾರೆ.

"ಇದ್ ಎಂತಕ್ಕೆ ಜಲಜಕ್ಕ?"

"ಪಾಪ, ಅದ್ಕ್ ಸೆಕೆ ಆತ್ತ್ ಮಗಾ, ಪಂಪ್ ನಿಲ್ಸತ್ತ್. ಫ್ಯಾನ್ ಇಟ್ಟ್ ಮೇಲೆ ನಿಂತದ್ದೇ ಇಲ್ಲ."

ಮೋಟಾರ್ ಮುಟ್ಟಿದೆ, ಕೈ ಸುಟ್ಟಿತು. ಕರೆಂಟ್ ಜಾಸ್ತಿ ಎಳೆದಾಗ ಡಬ್ಬದೊಳಗಿನ ರಿಲೇ ಬಿಸಿಯಾಗಿಯೇ ಪಂಪ್ ನಿಲ್ಲಿಸಬೇಕು. ಅದಕ್ಕೆ ಗಾಳಿ ಹಾಕಿದರೆ ಮೋಟಾರ್ ಉರಿದುಹೋದರೂ ಗೊತ್ತಾಗುವುದಿಲ್ಲ ಎಂದು ವಿವರಿಸಿ, ಮೋಟಾರಿನಲ್ಲಿ ತಿರುಗದೆ ಬಿಗಿದುಕೊಂಡಿದ್ದ ಬೇರಿಂಗ್ ಬದಲಿಸಿದೆ.

"ಹಾಂಗಾರೆ ಗಾಳಿ ನಿಂಗೇ ಇರ್ಲಿ, ಕೂಕೋ" ಎಂದು ಜಲಜಕ್ಕ ಫ್ಯಾನನ್ನು ನನ್ನತ್ತ ತಿರುಗಿಸಿ, ಎಳನೀರಿನ ಬೊಂಡ ಕೆತ್ತಿ ಕೊಟ್ಟರು.

ತ್ರಾಸಿಯಿಂದ ಇನ್ನೊಬ್ಬರು ಅರ್ಜೆಂಟೆಂದು ಫೋನ್ ಮಾಡುತ್ತಲೇ ಇದ್ದರು. ಆ ಗಾಳಿಯಲ್ಲಿ ನನಗೂ ಏನೂ ಬಿಸಿ ತಟ್ಟಲಿಲ್ಲ.