ಯಾವ ಆಳದ್ದು?

ತೊಂಬತ್ತರ ದಶಕದ ಕೊನೆಯಲ್ಲಿ, ಉಮ್ಮತ್ತೂರಿನ ನಮ್ಮ ಎದುರುಮನೆಯ ಅಕ್ಕನಿಗೆ ಸಂಶೋಧನೆಯ ಹಡಗಿನಲ್ಲಿ ಕೆಲಸ. ಸಮುದ್ರದ ಬೇರೆ ಬೇರೆ ಆಳದಿಂದ ನೀರೆತ್ತಿ, ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಜೀವಿಗಳಲ್ಲಿ ಯಾವ ವಂಶದ್ದು ಎಲ್ಲಿ ಎಷ್ಟಿದೆಯೆಂದು ಅಳೆಯುತ್ತಿದ್ದಳು. ನೋಡಲು ಎಲ್ಲವೂ ಒಂದೇ. ಆದರೆ ಬಿಸಿಲಿಗೆ ಒಗ್ಗಿದವು ಮೇಲೆ, ಮಬ್ಬಿಗೆ ಒಗ್ಗಿದವು ಕೆಳಗೆ. ರಜೆಯಲ್ಲೂ ಆ ಚಾಳಿ ಬಿಡದು. ಬಾವಿಯಿಂದ ನೀರು ಹೊತ್ತು ತಂದವರನ್ನೂ ಕನ್ನಡಕ ಮೂಗಿನ ತುದಿಗೆ ಜಾರಿಸಿ ಕೇಳುವಳು: "ಯಾವ ಆಳದ್ದು?"

ಒಮ್ಮೆ ನಮಗೆ ತೋರಿಸಲೆಂದು ಎರಡು ಬಾಟಲಿ ನೀರು ತಂದಳು. ಒಂದು ಸಮುದ್ರದ ಮೇಲಿನದು, ಇನ್ನೊಂದು ಬೆಳಕು ಸಾಯುವ ಆಳದ್ದು. ಬೆಳಗ್ಗೆ ಎದ್ದು ನೋಡಿದರೆ, ಸಮುದ್ರವನ್ನೇ ಕಾಣದ ಅವಳವ್ವ ಎರಡನ್ನೂ ಒಂದೇ ಚೊಂಬಿಗೆ ಸುರಿದು, ತುಳಸಿ ಹಾಕಿ, ಮಗಳು ಕ್ಷೇಮವಾಗಿ ಬಂದಳೆಂದು ಕೇರಿಗೆಲ್ಲ ತೀರ್ಥ ಹಂಚುತ್ತಿದ್ದರು.

"ಅವ್ವಾ, ಅವೆಲ್ಡೂ ಬ್ಯಾರೆ ಬ್ಯಾರೆ!"

"ಎಲ್ಡೂ ಸಮುದ್ರುದ್ದೇ ತಾನೆ? ನಿನ್ನ ಮುಳುಗಿಸ್ದೆ ಕಳುಸ್ಕೊಟ್ಟದಲ್ಲ, ಅದೇ ದೊಡ್ದು. ಕೈ ಒಡ್ಡು."

ಅಕ್ಕ ಚೊಂಬನ್ನೇ ದಿಟ್ಟಿಸಿದಳು. ಕನ್ನಡಕ ಜಾರಿತು, ನಗು ಬಂತು. ಕೈಯೊಡ್ಡಿ ಕೇಳಿದಳು: "ಯಾವ ಆಳದ್ದವ್ವಾ?"

"ಎಲ್ಲಾ ಆಳದ್ದೂ ಅದೆ ಕಣಮ್ಮಿ, ಕುಡಿ."